ಓದದೆ ಬಿಟ್ಟ ಐದನೆಯ ಸಾಲು

ತೊರೆಹಾಳ ಗಡಿಕಟ್ಟೆ, ಕೃಷ್ಣೆಯ ಈಚೆ ದಂಡೆ
ಫೆಬ್ರವರಿ 30, 2231

ನಾನು ಹುಟ್ಟುವ ಮೊದಲೇ ನನ್ನನ್ನು ಓದುತ್ತಿರುವ ಹಿರಿಯರಿಗೆ, ಜೈಭೀಮ್.

ತಾರೀಕು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನ ಎಂದು ಗೊತ್ತಿದೆ. ನಮ್ಮ ಕಾಲದಲ್ಲಿ ತಿಂಗಳುಗಳಿಗೆ ಸಮಪಾಲು ಸಿಕ್ಕಿದೆ, ಮನುಷ್ಯರಿಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಪರಿಚಯವಿಲ್ಲದ ಪದಗಳು ಈ ಕಾಗದದಲ್ಲಿ ಬರುತ್ತವೆ. ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲದವರಿಗೆ ಬರೆಯುವ ಓಲೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಒಂದು. ಹೂತಿಟ್ಟ ಬಂಗಾರ ಎಲ್ಲಿದೆ ಎಂದು ಮುತ್ತಜ್ಜನನ್ನು ಕೇಳಿ ಬಹಳ ಮಂದಿ ಅದನ್ನು ದಂಡ ಮಾಡಿಕೊಳ್ಳುತ್ತಾರೆ. ಉತ್ತರ ಬರುವುದಿಲ್ಲ ಎಂಬುದು ಆಮೇಲೆ ನೆನಪಾಗುತ್ತದೆ. ನಾನು ಏನನ್ನೂ ಕೇಳಲು ಕೂತಿಲ್ಲ. ನನಗೆ ಹೊಟ್ಟೆಕಿಚ್ಚು. ಆ ಕಿಚ್ಚು ಒಬ್ಬ ಮನುಷ್ಯನನ್ನು ಜೈಲಿಗೆ ಹಾಕಿದೆ. ನಾಳೆ ಬೆಳಿಗ್ಗೆ ಕೋರ್ಟಿಗೆ ಹೋಗುವ ಮೊದಲು ಅದನ್ನು ಯಾರಿಗಾದರೂ ಹೇಳಬೇಕು. ಈಗಿನವರಿಗೆ ಹೇಳಿದರೆ ಕಿವಿಯಿಂದ ಕಿವಿಗೆ ಹೋಗುತ್ತದೆ. ನಿಮಗಾದರೆ ಭಯವಿಲ್ಲ.

ಮೊದಲು ನಿಮ್ಮ ಮೇಲಿನ ಹೊಟ್ಟೆಕಿಚ್ಚು ಹೇಳಿಬಿಡುತ್ತೇನೆ. ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ಸಂತೆ, ಬಸ್‌ಸ್ಟ್ಯಾಂಡು, ಚಹಾದಂಗಡಿ, ಸಾವಿರ ಜನ. ಅವರ ಸೊಂಟದಲ್ಲಿ ಏನಿದೆ? ಕೀಲಿಕೈ, ಎಲೆಅಡಿಕೆ ಚೀಲ, ಹೆಚ್ಚೆಂದರೆ ಮೊಬೈಲು. ಒಬ್ಬರು ಇನ್ನೊಬ್ಬರ ಮುಖ ನೋಡಿ ಮಾತಾಡುತ್ತಿದ್ದಾರೆ! ನಮ್ಮಲ್ಲಿ ಯಾರೂ ಮೊದಲು ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾರೆ. ಬಂದೂಕು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ತಿರುಗುವವನು ತೋರುಸೊಂಟದವನು. ಬಟ್ಟೆಯೊಳಗೆ ಇಟ್ಟುಕೊಂಡವನು ಮುಚ್ಚುಸೊಂಟ. ಏನೂ ಇಲ್ಲದ ನನ್ನಂಥವಳು ಬರಿಸೊಂಟ, ಅದು ಬೈಗುಳ. ಚಹಾದಂಗಡಿಯಲ್ಲಿ ತೋರುಸೊಂಟದವರಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಬೆಂಚು. ನಮಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುವ ಬೆಂಚು, ಹಿಂದೆ ಯಾರು ಬಂದರೂ ಕಾಣದು. ನಿಮ್ಮ ಕಾಲದಲ್ಲಿ ಲೋಟ ಬೇರೆ ಇತ್ತಂತೆ. ಈಗ ಲೋಟ ಒಂದೇ, ಬೆಂಚು ಬೇರೆ. ಇದನ್ನು ಸುಧಾರಣೆ ಎಂದು ಪಾಠದಲ್ಲಿ ಓದಿಸುತ್ತಾರೆ.

ಈಗ ಕಾಯ್ದೆ. ನಮ್ಮ ಕಾಲದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಬಂದೂಕಿನ ಕಾಯ್ದೆ. ನದಿಯ ಆಚೆ ದಂಡೆಯ ರಾಜ್ಯದಲ್ಲಿ ವಯಸ್ಸಿಗೆ ಬಂದವರಿಗೆಲ್ಲ ಒಂದೇ ದಿನದಲ್ಲಿ ಪರವಾನಿಗೆ ಬಿಲ್ಲೆ ಕೊಡುತ್ತಾರೆ. ತೋರಿಸಿಕೊಂಡು ತಿರುಗು, ಮುಚ್ಚಿಕೊಂಡು ತಿರುಗು, ಕೇಳುವವರಿಲ್ಲ. ಈಚೆ ದಂಡೆಯ ನಮ್ಮಲ್ಲಿ ಹಾಗಲ್ಲ. ಈಗಾಗಲೇ ಬಿಲ್ಲೆ ಇರುವ ಇಬ್ಬರು ಊರವರು ಇವಳ ನಡತೆ ಒಳ್ಳೆಯದು ಎಂದು ಸಹಿ ಹಾಕಬೇಕು. ತೊರೆಹಾಳದಲ್ಲಿ ಬಿಲ್ಲೆ ಇರುವವರೆಲ್ಲ ಮೇಲಿನ ಓಣಿಯವರು. ನಮ್ಮ ಕೇರಿಯವರ ನಡತೆ ಎರಡು ನೂರು ವರ್ಷಗಳಿಂದ ಅವರಿಗೆ ಒಳ್ಳೆಯದಾಗಿ ಕಂಡಿಲ್ಲ. ನಾನು ಮೂರು ಸಲ ಅರ್ಜಿ ಹಾಕಿದೆ. ಮೂರನೆಯ ಸಲ ಒಬ್ಬ ಯಜಮಾನ ಅರ್ಜಿಯನ್ನು ಓದದೆ ಮಡಿಚಿ ವಾಪಸು ಕೊಟ್ಟು, ನಿನಗ್ಯಾಕವ್ವ ಈ ಭಾರ, ನಾವಿಲ್ಲೇನು ಅಂದ. ಅವನು ಇರುವುದರಿಂದಲೇ ನನಗೆ ಬೇಕಾಗಿತ್ತು.

ಆದರೆ ಹೊರರಾಜ್ಯದ ಬಿಲ್ಲೆಯನ್ನು ನಮ್ಮ ಸರಕಾರ ಮಾನ್ಯ ಮಾಡುತ್ತದೆ. ಎರಡು ರಾಜ್ಯಗಳ ನಡುವೆ ಕರಾರಿದೆ. ಆಚೆ ದಂಡೆಯ ಯಾವ ಬಡವ ಬಂದರೂ ನನ್ನ ಊರಿನಲ್ಲಿ ತೋರುಸೊಂಟದವನಾಗಿ ನಡೆಯಬಹುದು, ನಾನು ನಡೆಯುವಂತಿಲ್ಲ. ನೆನಪಿರಲಿ, ಅವನಿಗೆ ಬರೀ ತೋರುಸೊಂಟ ಮಾತ್ರ. ಇಲ್ಲಿರುವಷ್ಟು ಹೊತ್ತು ಬಂದೂಕು ಕಾಣುತ್ತಲೇ ಇರಬೇಕು. ಅದರ ಮೇಲೆ ಬಟ್ಟೆ ಬಿತ್ತೋ, ಆ ಗಳಿಗೆಯಲ್ಲೇ ಬಿಲ್ಲೆ ರದ್ದು. ಅವನು ಪರವಾನಿಗೆ ಇಲ್ಲದ ಮುಚ್ಚುಸೊಂಟ, ಏಳು ವರ್ಷ ಜೈಲು. ಈ ಮಾತು ಹೊರಗಿನವರಿಗೆ ಗೊತ್ತಿರುವುದಿಲ್ಲ ಎಂದೇ ಗಡಿಕಟ್ಟೆಯಲ್ಲಿ ನನ್ನಂಥ ಓದುಗಿತ್ತಿಯನ್ನು ಕೂರಿಸಿದ್ದಾರೆ. ಬಂದೂಕು ತಂದ ಪ್ರತಿಯೊಬ್ಬರಿಗೂ ಕಾಯ್ದೆಯ ಏಳು ಸಾಲು ಗಟ್ಟಿಯಾಗಿ ಓದಿ ಹೇಳಿ, ಓದಿದ್ದೇನೆ ಎಂದು ಹೆಬ್ಬೆಟ್ಟು ಒತ್ತುವುದು ನನ್ನ ಕೆಲಸ. ನನಗೆ ಸಿಗದ ಹಕ್ಕನ್ನು ಬಂದುಹೋಗುವವರ ಕಿವಿಗೆ ಹದಿನೊಂದು ವರ್ಷ ಓದಿದ್ದೇನೆ. ಬಟ್ಟೆಯ ಮಾತು ಐದನೆಯ ಸಾಲಿನಲ್ಲಿದೆ. ಓದದೆ ಬಿಟ್ಟ ಸಾಲಿನ ಶಿಕ್ಷೆ ಓದುಗಿತ್ತಿಗೇ ಎಂದು ಕಾಯ್ದೆಯ ಕೊನೆಯಲ್ಲಿದೆ. ಅದನ್ನು ಯಾರಿಗೂ ಓದಿ ಹೇಳಬೇಕಾಗಿಲ್ಲ, ಅದು ನನ್ನೊಬ್ಬಳಿಗೆ.

ತಾಯಪ್ಪ ನನ್ನ ಚಿಕ್ಕಮ್ಮನ ಮಗ, ನನಗೆ ತಮ್ಮ. ಚಿಕ್ಕಮ್ಮ ಮದುವೆಯಾಗಿ ಆಚೆ ದಂಡೆಗೆ ಹೋದವಳು, ಅಲ್ಲೇ ತೀರಿಕೊಂಡಳು. ಹೋದ ತಿಂಗಳು ತಾಯಪ್ಪ ಮಗಳ ಜವಳಕ್ಕೆ, ಮೊದಲ ಕೂದಲು ತೆಗೆಸುವ ಶಾಸ್ತ್ರಕ್ಕೆ, ಕರೆಯಲು ಬಂದ. ಜವಳದ ಕರೆಯನ್ನು ಬಾಯಲ್ಲಿ, ಮನೆಬಾಗಿಲಲ್ಲಿ ನಿಂತೇ ಹೇಳಬೇಕಲ್ಲ. ಹೆಗಲ ಮೇಲೆ ಅಂಚಿನ ವಲ್ಲಿ, ನಮ್ಮ ಕಡೆ ಟವೆಲ್ಲಿಗೆ ಹಾಗೆನ್ನುತ್ತೇವೆ, ಬಲಸೊಂಟದಲ್ಲಿ ಬಂದೂಕು. ಅವರಲ್ಲಿ ಅದು ಚಪ್ಪಲಿ ಮೆಟ್ಟಿದ ಹಾಗೆ, ಬಿಟ್ಟು ಬರುವ ಯೋಚನೆಯೂ ಬರುವುದಿಲ್ಲ. ನಾನು ಓದಲು ಶುರುಮಾಡಿದೆ. ಅವನು ನಡುನಡುವೆ ನಗುತ್ತಿದ್ದ. ಯಕ್ಕಾ, ಕಾಯ್ದೆ ಓದಿ ಓದಿ ನಿನ್ನ ಮಾರಿನೂ ಸರಕಾರಿ ಕಾಗದ ಆಗೇದ ನೋಡು, ಅಂದ. ಅದಕ್ಕೆ ನಾನೂ ನಕ್ಕೆ. ನಾಲ್ಕನೆಯ ಸಾಲು ಮುಗಿಯುವ ಹೊತ್ತಿಗೆ ನನ್ನ ಬರಿಸೊಂಟ ನೋಡಿದ. ನಿನಗ ಇನ್ನಾ ಬಿಲ್ಲೆ ಕೊಟ್ಟಿಲ್ಲೇನಬೇ? ನಮ್ಮ ದಂಡಿಗೆ ಬಂದುಬಿಡು, ಮಧ್ಯಾಹ್ನದ ಊಟದೊಳಗ ಕೊಡಸ್ತೀನಿ, ಅಂದ.

ಪ್ರೀತಿಯಿಂದಲೇ ಅಂದ. ನನಗೆ ಮೈಯೆಲ್ಲ ಉರಿಯಿತು. ಒಂದೇ ಅಜ್ಜಿಯ ಮೊಮ್ಮಕ್ಕಳು ನಾವು. ಆ ಅಜ್ಜಿ ಮೇಲಿನ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವಳು. ಈ ಊರಿನ ಒಂದು ತಂಬಿಗೆ ನೀರಿಗೂ ಜಗಳವಾಡದವನು ಆ ಓಣಿಯಲ್ಲಿ ಎದೆಯುಬ್ಬಿಸಿ ನಡೆಯಬಹುದು, ಇಲ್ಲೇ ಹುಟ್ಟಿ ಇಲ್ಲೇ ಮೆರವಣಿಗೆ ಮಾಡಿ, ಇಲ್ಲೇ ಲಾಠಿ ತಿಂದ ನಾನು ಅವನಿಗೆ ಕಾಯ್ದೆ ಓದಬೇಕು! ನನಗೆ ಬಂದೂಕು ಬೇಕಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆ ನಡಿಗೆ ಬೇಕಿತ್ತು. ಐದನೆಯ ಸಾಲು ಬಿಟ್ಟು ಆರಕ್ಕೆ ಹೋದೆ. ಎಲ್ಲೋ ಬಂದೂಕಿಗೆ ಚೀಲ ಅಡ್ಡ ಬರಲಿ, ಪೊಲೀಸರು ಒಂದು ತಾಸು ಬಿಸಿಲಲ್ಲಿ ಕೂರಿಸಲಿ, ಮುಖ ಸಣ್ಣಗಾಗಲಿ. ಅಷ್ಟೇ ಬೇಕಾಗಿತ್ತು ನನಗೆ. ಏಳೂ ಓದಿದೆ ಎಂದು ಹೆಬ್ಬೆಟ್ಟು ಒತ್ತಿದೆ.

ಅವನು ಪೇಟೆಯಲ್ಲಿ ರಾಜನ ಹಾಗೆ ನಡೆದನಂತೆ. ಗೋಡೆಯ ಬೆಂಚಿನಲ್ಲಿ ಕೂತು ಚಹಾ ಕುಡಿದನಂತೆ. ನಮ್ಮ ಕೇರಿಗೆ ಬರಲು ಮೇಲಿನ ಓಣಿಯನ್ನೇ ದಾಟಬೇಕು. ಓಣಿಯ ಬಾಯಿಗೆ ಬಂದಾಗ ಅವನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ವಲ್ಲಿ ತೆಗೆದ, ಸೊಂಟಕ್ಕೆ ಸುತ್ತಿ ಗಂಟು ಹಾಕಿದ, ತಲೆ ತಗ್ಗಿಸಿ ನಡೆದ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಗಲ ಮೇಲಿನ ವಲ್ಲಿ ಯಾರ ಓಣಿಯಲ್ಲಿ ಯಾಕೆ ಸೊಂಟಕ್ಕೆ ಇಳಿಯುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸತ್ತ ಚಿಕ್ಕಮ್ಮ ಕಲಿಸಿಹೋಗಿದ್ದಳು, ನನ್ನ ತವರಿಗೆ ಹೋದರೆ ಆ ಓಣಿಯಾಗ ಹೀಂಗ ಹೋಗಬೇಕಪ್ಪ, ಜ್ವಾಕಿ, ಅಂತ. ಆಚೆ ದಂಡೆಯಲ್ಲಿ ಬಂದೂಕು ಕಟ್ಟಿಕೊಂಡು ಬೆಳೆದ ಗಂಡಸು, ಎಂದೂ ಕಾಣದ ಓಣಿಗೆ ಹೆದರಿ ಬಂದೂಕಿನ ಮೇಲೆಯೇ ವಲ್ಲಿ ಕಟ್ಟಿದ. ಓಣಿಯವರೇ ಕೂಗಿದರು, ಮುಚ್ಚುಸೊಂಟ, ಹಿಡೀರಿ ಅವನ್ನ, ಎಂದು. ತಮಗೆ ತಗ್ಗಿ ನಡೆದವನನ್ನು ತಗ್ಗಿದ್ದಕ್ಕೇ ಹಿಡಿಸಿದರು.

ಕೋರ್ಟಿನಲ್ಲಿ ಯಾಕೆ ಮುಚ್ಚಿದೆ ಎಂದು ಕೇಳಿದರು. ಅವ್ವ ಹೇಳಿಕೊಟ್ಟಿದ್ದಳ್ರಿ, ಅಂದ. ಎಲ್ಲರೂ ನಕ್ಕರು. ಗಡಿಕಟ್ಟೆಯಲ್ಲಿ ಐದನೆಯ ಸಾಲು ಓದಿ ಹೇಳಲಿಲ್ಲವೇ ಎಂದು ಅವನನ್ನು ಕೇಳಿದರು. ಅಲ್ಲೇ ನಿಂತಿದ್ದ ನನ್ನ ಕಡೆ ನೋಡಿದ. ಅವನಿಗೆ ಅಂಥ ಸಾಲೊಂದು ಕೇಳಿದ ನೆನಪೇ ಇಲ್ಲ, ಇರುವುದಾದರೂ ಹೇಗೆ. ಆದರೂ, ಯಕ್ಕ ಎಲ್ಲಾ ಓದ್ಯಾಳ್ರಿ, ನಾನ ನಕ್ಕೋತ ನಿಂತಿದ್ದೆ, ಕೇಳಿಸ್ಕೊಂಡಿಲ್ಲ, ತಪ್ಪು ನಂದು, ಅಂದ. ಆಗಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ. ಇವನಿಗೆ ಇಷ್ಟು ಸಲೀಸಾಗಿ ಒಳ್ಳೆಯವನಾಗಲು ಹೇಗೆ ಬರುತ್ತದೆ? ಅವನಿಗೆ ಏಳು ವರ್ಷ ಹಾಕಿದರು. ಮಗಳ ಜವಳ ನಿಂತುಹೋಗಿದೆ. ಅಪ್ಪ ಬರುವ ತನಕ ಕೂದಲು ತೆಗೆಸುವುದಿಲ್ಲ ಎಂದು ಅವನ ಹೆಂಡತಿ ಹೇಳಿಕಳಿಸಿದ್ದಾಳೆ. ಏಳು ವರ್ಷದ ಜಡೆ.

ಹಿರಿಯರೇ, ನಿಮ್ಮಿಂದ ನಮಗೆ ಎರಡು ಬಂದವು. ಮೇಲೆ ಬರೆದ ಆ ನಮಸ್ಕಾರ ಬಂತು, ಅದು ಸವೆದಿಲ್ಲ. ಅದರ ಬೆನ್ನಿಗೇ ಈ ವಲ್ಲಿಯೂ ಬಂತು. ನಿಮ್ಮ ಮೇಲೆ ನನಗೆ ಹೊಟ್ಟೆ ಉರಿಯುವುದು ಇದಕ್ಕೇ, ನಿಮಗಿನ್ನೂ ಹೊತ್ತಿದೆ. ನನ್ನ ಅಜ್ಜಿಯ ಮುತ್ತಜ್ಜಿ ಯಾರದೋ ತೊಡೆಯ ಮೇಲೆ ನಿಮ್ಮ ನಡುವೆಯೇ ಆಡುತ್ತಿರಬಹುದು. ಅವಳಿಗೆ ಯಾರಾದರೂ ಆ ಓಣಿಯಲ್ಲಿ ಹೀಗೆ ಹೋಗಬೇಕು ಎಂದು ಕಲಿಸುತ್ತಿದ್ದರೆ, ಅದು ಪ್ರೀತಿಯಿಂದಲೇ, ಮಗು ಉಳಿಯಲೆಂದೇ ಇದ್ದರೂ, ಕಲಿಸುವವರ ಬಾಯಿ ಮುಚ್ಚಿಸಿ. ಭಾಷಣ ಆಮೇಲೆ ಮಾಡಿ. ನಾನೂ ಬೇಕಾದಷ್ಟು ಮಾಡಿದ್ದೇನೆ. ಸ್ವಂತ ತಮ್ಮ ತಲೆಯೆತ್ತಿ ಬಂದ ದಿನ ಅವನ ತಲೆ ತಗ್ಗಲಿ ಎಂದು ಬಯಸಿದವಳೂ ನಾನೇ. ಮೇಲಿನ ಓಣಿಯವರಿಗೆ ಕಾವಲು ಬೇಕಿಲ್ಲ, ನನ್ನಂಥವರು ಇದ್ದರೆ ಸಾಕು.

ನಾಳೆ ಐದನೆಯ ಸಾಲು ಓದಲಿಲ್ಲ ಎಂದು ಹೇಳುತ್ತೇನೆ. ಅವನ ಏಳು ವರ್ಷ ನನಗೆ ಬರುತ್ತದೆ, ಬರಲಿ. ಕೋರ್ಟಿಗೆ ಕೆರೆಯ ದಾರಿಯೂ ಇದೆ, ನಾನು ಮೇಲಿನ ಓಣಿಯಲ್ಲೇ ಹೋಗುತ್ತೇನೆ. ತಾಯಪ್ಪನ ವಲ್ಲಿ ಕೋರ್ಟಿನ ಕಪಾಟಿನಲ್ಲಿದೆ, ಸಾಕ್ಷಿಯಾಗಿ. ನನ್ನ ಅಪ್ಪನದೊಂದು ಪೆಟ್ಟಿಗೆಯಲ್ಲಿತ್ತು, ಒಗೆದು ಒಣಹಾಕಿದ್ದೇನೆ. ಹೆಂಗಸು ಹೆಗಲ ಮೇಲೆ ವಲ್ಲಿ ಹಾಕಿದ್ದು ನೋಡಿ ನಗುವವರು ನಗಲಿ. ಸೊಂಟದಲ್ಲಿ ಏನೂ ಇರುವುದಿಲ್ಲ, ಹಾಗಾಗಿ ಮುಚ್ಚುವಂಥದ್ದೂ ಏನಿಲ್ಲ. ನನ್ನ ಕೈಯೂ ತಾನಾಗಿಯೇ ಹೆಗಲಿಗೆ ಹೋದರೆ ಎಂಬ ಅಂಜಿಕೆ ಮಾತ್ರ ಇದೆ. ಅದಕ್ಕೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತೇನೆ. ಹೇಗೂ ಸಂಜೆಗೆ ಪೊಲೀಸರೇ ಕಟ್ಟುವವರಿದ್ದಾರೆ.

ನಿಮ್ಮ,
ಹುಲಿಗೆಮ್ಮ
ಓದುಗಿತ್ತಿ, ನಾಳೆ ಬೆಳಗಿನ ತನಕ