ತವರಿಗೆ ಹೋಗಿ ಬಂದ ಹಾಡುಗಳು

ಯರಗುಪ್ಪಿ
೧೯ ಜನವರಿ ೨೦೨೫

ಚಿ. ಸೌ. ರೋಹಿಣಿಗೆ,

ನಿನ್ನ ಗಂಡನ ಪ್ರೀತಿಯ ನೆನಕೆಗಳು. ನಾನಿಲ್ಲಿ ಆರಾಮ ಇದ್ದೇನೆ. ತಂಬೂರಿನಲ್ಲಿ ನೀನೂ ಮಲ್ಲಕ್ಕ ಅತ್ತೆಯವರೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಸಿಟ್ಟಾಗಬೇಡ. ಮೆಣಸಿನಕಾಯಿ ಬಿಡಿಸುವ ಕೆಲಸ ಹತ್ತಿದೆ. ಎಷ್ಟು ತೊಳೆದರೂ ಕೈಯ ಉರಿ ಹೋಗುವುದಿಲ್ಲ. ಈ ಕೈಯಿಂದ ಕಣ್ಣು ಒರೆಸಿಕೊಳ್ಳದೆ ನಿನಗೆ ಪತ್ರ ಬರೆಯುವುದೇ ಒಂದು ಕಸರತ್ತು.

ಮೊದಲು ನಿನ್ನ ಉಪಕಾರದ ಮಾತು. ಗಂಟಲಿನ ಆಪರೇಷನ್ನಿಗೆ ಮುಂಚೆ ನೀನು ಕುಂದಗೋಳದಲ್ಲಿ ತಂಗಿಯ ಮನೆಯ ವೈಫೈ ಹಿಡಿದು ಕುಳಿತು, ನಿನ್ನ ಫೋನಿಗೆ ಹಾಡು ಇಳಿಸಿಕೊಂಡಿದ್ದೇ ಇಳಿಸಿಕೊಂಡಿದ್ದು. ಇಂಥ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ನಾನು ಗೊಣಗಿದೆ. ಆಗ ನೀನು, “ಹೊಲದಾಗ ನೆಟ್ ಸಿಗೂದಿಲ್ಲಲ್ರಿ. ನಾ ಇಲ್ಲದಾಗ ನಿಮಗ ಭಣಭಣ ಅನ್ನಬಾರ್ದು,” ಅಂದಿದ್ದೆ.

ಡಾಕ್ಟರು, ಜೀವ ಉಳಿಸುತ್ತೇನೆ, ದನಿಯ ಬಗ್ಗೆ ಮಾತ್ರ ಮಾತು ಕೊಡಲಾರೆ ಎಂದಿದ್ದರು. ಹೇಳಿದಂತೆ ಮಾಡಿದರು. ದನಿ ಹೋಯಿತು, ಆದರೆ ನೀನು ಇದ್ದೀ, ಉಣ್ಣುತ್ತೀ, ಓಡಾಡುತ್ತೀ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಅದನ್ನೇ ನೆನೆದು ಕೈ ಮುಗಿಯುತ್ತೇನೆ. ಮಾತಿಲ್ಲದವಳಿಗೆ ಫೋನು ಯಾತಕ್ಕೆ ಎಂದು ಚೀಟಿ ಬರೆದು, ಫೋನನ್ನು ನನ್ನ ಕೈಗೆ ತುರುಕಿ ನೀನು ತವರಿಗೆ ಹೋದೆ. ನೀನು ಇಳಿಸಿಟ್ಟ ಹಾಡುಗಳೇ ಈಗ ನನಗೆ ಜೊತೆ.

ಬದುವಿನ ಬೇವಿನ ಗಿಡಕ್ಕೆ ಫೋನು ತೂಗುಹಾಕಿ ಹಚ್ಚಿದರೆ ಕಾಯಿ ಬಿಡಿಸುವವರಿಗೆಲ್ಲ ಕೇಳುತ್ತದೆ. ಆಳುಗಳ ಮುಂದಾಳು ನಮ್ಮ ರಜಿಯಾಬಿಯೇ. ಮೊದಲ ದಿನವೇ ಅವಳು ತನಗೆ ಬೇಕಾದ ಹಾಡೊಂದನ್ನು ಕೇಳಿದಳು. ಅದನ್ನು ನೀನು ಇಳಿಸಿರಲಿಲ್ಲ. ಇಳಿಸದ ಹಾಡಿನ ಹೆಸರು ಮಂಕಾಗಿ ಕಾಣುತ್ತದೆ, ಒತ್ತಿದರೆ ಹಾಡುವುದಿಲ್ಲ. ಇದನ್ನು ತಿಳಿಸಿ ಹೇಳುವುದರಲ್ಲಿ ನನಗೆ ಸಾಕುಬೇಕಾಯಿತು. ಊಟದ ಹೊತ್ತಿನವರೆಗೆ ನನ್ನ ಸಂಗಡ ಮಾತು ಬಿಟ್ಟಿದ್ದಳು.

ಈಗ ನನ್ನ ಶಾಣ್ಯಾತನ ಕೇಳು. ಇಳಿಸಿದ ಹಾಡು ನೆಲದೊಳಗಿನ ಹಗೇವಿನಲ್ಲಿ ತುಂಬಿದ ಜೋಳದ ಹಾಗೆ, ಬಾಯಿ ತೆರೆಯದಿದ್ದರೆ ಕೆಡುವುದಿಲ್ಲ ಎಂದು ನಾನು ನಂಬಿದ್ದೆ. ಹೀಗಾಗಿ ನೀನು ಹೋದಂದಿನಿಂದ ಆ ಫೋನಿಗೆ ನೆಟ್ಟಿನ ಗಾಳಿಯನ್ನೇ ತಾಗಿಸಿರಲಿಲ್ಲ, ವಿಮಾನದ ಗುರುತು ಒತ್ತಿ ಇಟ್ಟುಬಿಟ್ಟಿದ್ದೆ. ಮಾತಾಡಲು ನನ್ನ ಬಟನ್ ಫೋನು ಇದ್ದೇ ಇದೆ. ಸಂಕ್ರಾಂತಿಯ ಮರುದಿನ ನೋಡುತ್ತೇನೆ, ಎಲ್ಲ ಹಾಡುಗಳೂ ಮಂಕು. ಯಾವುದನ್ನು ಒತ್ತಿದರೂ ಸದ್ದಿಲ್ಲ. ನೀನು ನನಗಾಗಿ ಕೂಡಿಸಿಟ್ಟಿದ್ದನ್ನು ಕಾಯುವುದೂ ನನ್ನಿಂದ ಆಗಲಿಲ್ಲವಲ್ಲ ಎಂದು ಬದುವಿನ ಮೇಲೆ ಕುಳಿತುಬಿಟ್ಟೆ.

ನೆಟ್ ಹಚ್ಚಿರಿ ಎಂದು ಫೋನೇ ಬರೆದು ತೋರಿಸುತ್ತಿತ್ತು. ಹಚ್ಚಿದರೆ ಉಳಿದ ಹೆಸರುಗಳೂ ಹೋದಾವೆಂದು ನನಗೆ ಅಂಜಿಕೆ. ಕಡೆಗೆ ಗಟ್ಟಿ ಮನಸ್ಸು ಮಾಡಿ ಬಸ್ ನಿಲ್ದಾಣಕ್ಕೆ ಹೋಗಿ ಹಚ್ಚಿದೆ. ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಂದೊಂದೇ ಹಾಡು ಬೆಳಗಿತು. ಅದಕ್ಕೆ ತಿಂಗಳಿಗೊಮ್ಮೆಯಾದರೂ ನೆಟ್ ತೋರಿಸಬೇಕಂತೆ, ಅಷ್ಟೇ. ಹೊಲಕ್ಕೆ ಮರಳಿ ಬಂದು ಹೇಳಿದರೆ ರಜಿಯಾಬಿ ತಲೆ ಎತ್ತದೆ ಅಂದಳು, “ಹಾಡಿಗೂ ಆಗಾಗ ತವರಮನಿ ಮಾರಿ ನೋಡಬೇಕಾಗ್ತೈತ್ರಿ ಅಣ್ಣಾರ. ಕಟ್ಟಿ ಹಾಕ್ಕೊಂಡು ಕುಂತ್ರ ಹಾಡ್ತಾವೇನ್ರಿ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಂದು ಮಾತು, ರೋಹಿಣಿ. ಆ ಹಾಡುಗಳು ತವರಿಗೆ ಹೋದವು, ತಿರುಗಿಯೂ ಬಂದವು.

ಸನ್ನೆ ಮಾಡುತ್ತ ಊರಲ್ಲಿ ಹೇಗೆ ತಿರುಗಲಿ, ಭಜನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂಡಲಿ, ಇಲ್ಲೇ ಇದ್ದುಬಿಡುತ್ತೇನೆ ಎಂದು ಬರೆದಿದ್ದೀ. ಅದನ್ನು ಮತ್ತೆ ಮತ್ತೆ ಓದಿದೆ. ಹೊಲದಲ್ಲಿ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುವವರು. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ, ಮನೆಗೆ ಹೊರಡುವುದಾದರೆ ಕೈ ಊರ ಕಡೆಗೆ. ಇದರಲ್ಲಿ ನಾಚಿಕೆ ಎಲ್ಲಿಂದ ಬಂತು? ಇಷ್ಟು ವರ್ಷ ನೀನು ಹಾಡಿದೆ, ನಾನು ಕೇಳಿದೆ. ಇನ್ನು ಮೇಲೆ ಇಬ್ಬರೂ ಕೂತು ಕೇಳೋಣ. ನನಗೆ ನೀನು ಬೇಕು.

ಬರುವ ಭಾನುವಾರ ತಂಬೂರಿಗೆ ಬರುತ್ತೇನೆ. ಮನಸ್ಸಿದ್ದರೆ ಚೀಲ ಕಟ್ಟಿಟ್ಟಿರು. ಇಲ್ಲದಿದ್ದರೆ ಅತ್ತೆಯವರ ಕೈಯ ಊಟ ಉಂಡು ಒಬ್ಬನೇ ತಿರುಗಿ ಹೋಗುತ್ತೇನೆ. ಅದರ ಮುಂದಿನ ವಾರ ಮತ್ತೆ ಬರುತ್ತೇನೆ. ನಿನ್ನನ್ನು ಇಷ್ಟು ದಿನ ಕೂಸಿನಂತೆ ಜೋಪಾನ ಮಾಡಿದ ಅತ್ತೆಯವರಿಗೆ ನನ್ನ ಶರಣು ತಿಳಿಸು. ಅವರ ಋಣ ನಾನು ತೀರಿಸಲಾರೆ. ಶಿವ ನಿನ್ನನ್ನು ನನಗೆ ಉಳಿಸಿಕೊಟ್ಟಿದ್ದಾನೆ, ಮುಂದೆಯೂ ಸುಖವಾಗಿ ಇಡಲಿ.

ನಿನ್ನವನೇ ಆದ
ಹೊಳಬಸಪ್ಪ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ. ಅಕ್ಕಾರು ಹಾಡಿದ್ದು ಇದರಲ್ಲಿ ಇಲ್ಲೇನು ಎಂದು ನಿನ್ನೆ ರಜಿಯಾಬಿ ಕೇಳಿದಳು. ಇದೆ. ಭಜನೆಯ ಹೆಂಗಸರು ಹಿಡಿದ ವಿಡಿಯೋಗಳು ಫೋನಿನಲ್ಲಿವೆ. ಅವುಗಳಲ್ಲಿ ನಿನ್ನ ದನಿ ಇದೆ, ಆ ದನಿಯಲ್ಲಿ ಶಿವನ ಹೆಸರಿದೆ. ನನ್ನ ಹೆಸರು ಎಲ್ಲೂ ಇಲ್ಲ. ಗಂಡನ ಹೆಸರನ್ನು ನೀನು ಒಡಪಿನಲ್ಲಿ ಬಿಟ್ಟರೆ ಎಲ್ಲೂ ಹೇಳಿದವಳಲ್ಲ. ಮದುವೆಮನೆಯಲ್ಲಿ ಹೆಂಗಸರು ಬಾಗಿಲು ತಡೆದು ಹಟ ಹಿಡಿದಾಗ ಪ್ರಾಸ ಕೂಡಿಸಿ ಹೇಳುತ್ತಿದ್ದೆ. ಆಗ ಅದನ್ನು ಹಿಡಿದಿಡಬೇಕೆಂದು ಯಾರಿಗೂ ತೋಚಲಿಲ್ಲ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ನರ್ಸಮ್ಮ ನಿನ್ನನ್ನು, “ಗಂಡನ ಹೆಸರೇನ್ರಿ?” ಎಂದು ಕೇಳಿದಳು. ನೀನು ನಾಚಿ ನನ್ನ ಕಡೆ ನೋಡಿದೆ. ವಾಡಿಕೆಯಂತೆ ನಾನೇ ಹೇಳಿಬಿಟ್ಟೆ. ತುಸು ಸುಮ್ಮನಿದ್ದಿದ್ದರೆ ನೀನೇ ಹೇಳುತ್ತಿದ್ದೆ.