ಒಂದೇ ಮುಖ ಹಿಡಿಯುವ ಲೆನ್ಸು

ಚನ್ನಪಟ್ಟಣ
೧೭ ಜನವರಿ ೧೯೮೮, ಭಾನುವಾರ

ಕರೀಂ ಅಣ್ಣನವರಿಗೆ,

ನಿಮ್ಮ ತಂಗಿ ಮಾಯಮ್ಮನ ನಮಸ್ಕಾರಗಳು. ರೋಶನ್ ಬೀ ಅತ್ತಿಗೆಯ ಮಂಡಿನೋವು ಈಗ ಹೇಗಿದೆ? ಸಂಕ್ರಾಂತಿಯ ಎಳ್ಳುಬೆಲ್ಲ ಈ ಪಾರ್ಸೆಲ್ಲಿನಲ್ಲೇ ಇದೆ. ಲೆನ್ಸಿನ ಪಕ್ಕ ತಿನ್ನೋ ಸಾಮಾನು ಇಡ್ತಾರೇನಮ್ಮ ಎಂದು ನೀವು ಬೈಯುತ್ತೀರೆಂದು ಬೇರೆ ಡಬ್ಬಿಗೆ ಹಾಕಿ ಬಟ್ಟೆ ಸುತ್ತಿದ್ದೇನೆ. ನೀವು ಕ್ಯಾಮೆರಾ ಕಳಿಸಿ ಇಷ್ಟು ದಿನವಾದರೂ ತಲುಪಿತು ಎಂದು ಒಂದು ಕಾರ್ಡು ಗೀಚಲಿಲ್ಲ. ಮದುವೆಗಳಿದ್ದವು ಎಂದು ಸುಳ್ಳು ಹೇಳೋಣವೆಂದರೆ ಧನುರ್ಮಾಸದಲ್ಲಿ ಯಾರ ಮದುವೆ? ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ.

ಪೆಂಟಾಕ್ಸ್ ಕ್ಯಾಮೆರಾ ನನ್ನ ಹತ್ತಿರವೇ ಇರಲಿ. ಅದರ ಜೊತೆ ಕಳಿಸಿದ್ದ ನೂರಮೂವತ್ತೈದು ಎಂಎಂ ಲೆನ್ಸನ್ನು ವಾಪಸ್ ಕಳಿಸುತ್ತಿದ್ದೇನೆ. ನನಗೆ ದೂರದ್ದನ್ನು ಇನ್ನೂ ಹತ್ತಿರಕ್ಕೆ ಎಳೆಯುವ ಇನ್ನೂರರದ್ದೇ ಬೇಕು. ನಿಮ್ಮ ರಿಪೇರಿ ಅಂಗಡಿಯಲ್ಲಿ ಇಲ್ಲದಿದ್ದರೆ ಮೈಸೂರಿನಲ್ಲಿ ಯಾರ ಕೈಕಾಲು ಹಿಡಿದಾದರೂ ಕೊಡಿಸಿ. ಯಾತ್ರೆಯ ಬಸ್ಸು ಶಿವರಾತ್ರಿಗೆ ಕಾಶಿ ಮುಟ್ಟುವಂತೆ ಹೊರಡುತ್ತದೆ, ನನ್ನ ಸೀಟು ನಿಗದಿಯಾಗಿದೆ.

ಕಾಶಿಗೆ ಹೋಗಿ ಗಂಗೆಯ ಪಟ ತೆಗೆಯುತ್ತೇನೆ ಎಂದಷ್ಟೇ ಹೋದ ಸಲ ಬರೆದಿದ್ದೆ. ನೀವು ಪಾಪ, ನೀರಿನ ಮೇಲಿನ ಮಂಜಿಗೆ ಯಾವ ಫಿಲ್ಟರು, ಚಳಿಯಲ್ಲಿ ಕೈಬೆರಳು ಮರಗಟ್ಟದಂತೆ ಏನು ಮಾಡಬೇಕು ಎಂದು ನಾಲ್ಕು ಪುಟ ಬರೆದಿರಿ. ಓದಿ ನಾಚಿಕೆಯಾಯಿತು. ಗಂಗೆಯ ಪಟ ಕಟ್ಟಿಕೊಂಡು ನನಗೇನಾಗಬೇಕು ಅಣ್ಣ? ನಿಮ್ಮ ಸ್ನೇಹಿತರು, ನಮ್ಮ ಯಜಮಾನರು, ಅಲ್ಲಿ ಬದುಕಿದ್ದಾರೆ ಅಂತ ಕಾಣುತ್ತದೆ.

ಕನಕಪುರದ ಮುನಿಶಾಮಯ್ಯನವರು ದೀಪಾವಳಿಗೆ ಮುಂಚೆ ಕಾಶಿಗೆ ಹೋಗಿ ಬಂದರು. ಮಗನ ಡಬ್ಬಿ ಕ್ಯಾಮೆರಾದಲ್ಲಿ ತೆಗೆದ ರೀಲನ್ನು ತೊಳೆಯಲು ನಮ್ಮ ಸ್ಟುಡಿಯೋಕ್ಕೇ ತಂದರು. ಮನೆಯವರೆಲ್ಲ ಘಾಟಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಒಂದು ಪಟ. ಅವರ ಹಿಂದೆ, ಹೂವಿನ ದೊನ್ನೆ ಮಾರುವ ಬುಟ್ಟಿಯ ಹತ್ತಿರ, ಒಬ್ಬ ಗಂಡಸು ಕೂತಿದ್ದಾನೆ. ಬಿಸಿಲಿಗೆ ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದಿದ್ದಾನೆ, ಬೆರಳೆಲ್ಲ ಕೂಡಿಸಿ, ಒಸಿ ಬಾಗಿಸಿ, ಲೆನ್ಸಿಗೆ ನೆರಳು ಮಾಡುವ ಹಾಗೆ. ಹಾಗೆ ಕೈ ಹಿಡಿಯುತ್ತಿದ್ದವರು ಯಾರೆಂದು ನಾನು ನಿಮಗೆ ಹೇಳಬೇಕೆ? ತೊಳೆಯುವ ತಟ್ಟೆಯಲ್ಲಿ ಪ್ರಿಂಟು ತೇಲುತ್ತಿತ್ತು. ಇಕ್ಕಳದಲ್ಲಿ ಎತ್ತಿ, ನೀರು ಸೋರುತ್ತಿದ್ದಂತೆಯೇ ದೀಪದ ಹತ್ತಿರ ಹಿಡಿದು ನೋಡಿದೆ.

ಎಷ್ಟು ದೊಡ್ಡದು ಮಾಡಿದರೂ ಮುಖ ಸಿಗಲಿಲ್ಲ. ಎಳೆದಷ್ಟೂ ಬರೀ ಮರಳಿನಂತೆ ಚುಕ್ಕಿ ಚುಕ್ಕಿ. ಒಂದು ಪ್ರಿಂಟು ಇದರ ಜೊತೆ ಇಟ್ಟಿದ್ದೇನೆ, ನೀವೇ ನೋಡಿ. ಬಲಗೈ ಚಿತ್ರದಿಂದ ಆಚೆ ಹೋಗಿದೆ. ಅಂಚು ಸೊಟ್ಟಗೆ ಕತ್ತರಿಸಿದೆ ಎಂದು ಬೈಯಬೇಡಿ, ನನ್ನ ಕೈ ಆವತ್ತು ನೆಟ್ಟಗಿರಲಿಲ್ಲ.

ಮಾಗಡಿಯ ಮದುವೆ ನಿಮಗೆ ನೆನಪಿದೆಯಲ್ಲ. ಧಾರೆಯವರೆಗೂ ಪಟ ತೆಗೆದು, ಕ್ಯಾಮೆರಾವನ್ನು ಹೆಣ್ಣಿನ ತಂದೆಯ ಕೈಗೆ ಕೊಟ್ಟು, ಒಸಿ ಹಿಡ್ಕೊಂಡಿರಿ ಬಂದೆ ಎಂದು ಹೋದವರು ಬರಲೇ ಇಲ್ಲ. ಆ ರೀಲನ್ನೂ ನಾನೇ ತೊಳೆದು ಅವರ ಆಲ್ಬಂ ಮಾಡಿಕೊಟ್ಟೆ. ಅದೇ ನಾನು ಒಬ್ಬಳೇ ಮಾಡಿದ ಮೊದಲ ಕೆಲಸ. ಈಗ ಹನ್ನೆರಡು ವರ್ಷ ತುಂಬುತ್ತದೆ. ಸುದ್ದಿಯಿಲ್ಲದೆ ಅಷ್ಟು ಕಾಲ ಹೋದವನಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು ತಿಥಿ ಮಾಡಿ ಮುಗಿಸುವುದು ನಮ್ಮವರ ಪದ್ಧತಿ.

ಯಜಮಾನರ ಅಣ್ಣ, ಭಾವ ಬೈರಪ್ಪನವರು ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ಬಂದವರು ನೆಟ್ಟಗೆ ಸ್ಟುಡಿಯೋಕ್ಕೇ ಬಂದರು. "ಯುಗಾದಿ ಕಳುದ್ ಮ್ಯಾಲೆ ಕಾರ್ಯ ಮುಗ್ಸ್‌ಬುಡಾನ ಕಣವ್ವ. ನಮ್ ಮಗೀನ್ ಮದ್ವೆ ಮಾಡಕ್ಕೂ ಎಲ್ರೂ ಇದ್ನೇ ಎತ್ತಾಡ್ತಾವ್ರೆ. ಬದ್ಕವ್ನೋ ಸತ್ತವ್ನೋ ಅಂತ ಇನ್ನೆಷ್ಟ್ ದಿಸ ಕಾಯಾದು?" ಎಂದರು. ಪ್ರಿಂಟು ತೋರಿಸಿದೆ. ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡಿದರು. "ಇದ್ರಲ್ ಮೂಗೇ ಕಾಣಾಕಿಲ್ವಲ್ಲವ್ವ. ಮೂಗ್ ಕಾಣೋ ಪಟ ತಂದ್ ತೋರ್ಸು, ನಾನೇ ಎಲ್ರ್ ಬಾಯೂ ಮುಚ್ಚುಸ್ತೀನಿ. ನಿನ್ ಬಾಯ್ ಮಾತ ನಾನ್ ನಂಬುದ್ರೂ ಊರ್ ನಂಬಾಕಿಲ್ಲ" ಎಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಹೊರಡುವಾಗ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು.

ಅಣ್ಣ, ತಿಥಿಯಾದರೆ ನನ್ನ ಗತಿ ಏನೆಂದು ನೀವು ಯೋಚಿಸಿದ್ದೀರಾ? ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ, ಅದು ಇರಲಿ. ಈಗ ಸುತ್ತಮುತ್ತಲ ಊರುಗಳಲ್ಲಿ ಹೆಣ್ಣಿನ ಕಡೆಯವರೆಲ್ಲ ನನ್ನನ್ನೇ ಕರೆಯುತ್ತಾರೆ. ಮದುಮಗಳ ಕೋಣೆಗೆ ಹೋಗಿ ಪಟ ತೆಗೆಯುವವಳು, ತಾಳಿ ಕಟ್ಟುವಾಗ ಎಲ್ಲರಿಗಿಂತ ಮುಂದೆ ನಿಲ್ಲುವವಳು ನಾನು. ಮುತ್ತೈದೆ ಎಂದು ಒಳಗೆ ಬಿಡುತ್ತಾರೆ. ನಾಳೆ ಬರಿಯ ಹಣೆಯಲ್ಲಿ ಕ್ಯಾಮೆರಾ ಹಿಡಿದು ಮುಹೂರ್ತಕ್ಕೆ ಎದುರು ಬಂದರೆ ಯಾರು ಸಹಿಸುತ್ತಾರೆ? ಗಂಡನೂ ಹೋಗಿ ಕ್ಯಾಮೆರಾವೂ ಹೋದ ಮೇಲೆ ನಾನು ಏನು ಅಂತ ಬದುಕಲಿ? ಹಗಲೂ ರಾತ್ರಿ ಇದೇ ತಲೆಯಲ್ಲಿ ಕೊರೆಯುತ್ತದೆ.

ಅತ್ತೆ ಅಂಕಮ್ಮನವರು ಹಾಸಿಗೆ ಹಿಡಿದು ವರ್ಷವಾಯಿತು. ಆ ಪ್ರಿಂಟಿನ ಇನ್ನೊಂದು ಪ್ರತಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಕಣ್ಣು ಮಂಜಾಗಿದೆ, ಬೆರಳಲ್ಲಿ ಸವರುತ್ತಾರೆ. "ನನ್ ದಾಸಪ್ಪನೇ ಕಣೆ ಇವ್ನು. ಬೊಂಬೆ ಸುಟ್ಟೀರಾ, ನನ್ ಎದೆ ಮ್ಯಾಲೇ ಸುಡಿ" ಎನ್ನುತ್ತಾರೆ. ಅದೇ ಉಸಿರಿನಲ್ಲಿ ನನಗೂ ಹೇಳುತ್ತಾರೆ: "ನೀನ್ ಒಂದ್ ಮಗೀನಾದ್ರೂ ಎತ್ತಿದ್ರೆ ನನ್ ಮಗ ಮನೆ ಬುಟ್ಟು ಓಯ್ತಿರ್ನಿಲ್ಲ." ಹೊಸದೇನಲ್ಲ, ಗಂಜಿ ಕುಡಿಸುವಾಗೆಲ್ಲ ಕೇಳುವ ಮಾತು. ಕೇಳಿಕೊಂಡು ಬಾಯಿ ಒರೆಸಿ ಮಲಗಿಸುತ್ತೇನೆ.

ಇನ್ನು ಲೆನ್ಸಿನ ವಿಚಾರ. ನೂರಮೂವತ್ತೈದರದು ಹಗುರ, ಬೆಳಕು ಜಾಸ್ತಿ ಒಳಗೆ ಬಿಡುತ್ತದೆ, ಬೆಳಗಿನ ಮಬ್ಬಿಗೆ ಅದೇ ಸರಿ, ಇನ್ನೂರರದು ಹಿಡಿದರೆ ಪಟ ಅಲುಗಾಡುತ್ತದೆ ಎಂದು ನೀವು ಬರೆದದ್ದು ಸತ್ಯ. ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ನೀವು ಕಳಿಸಿದ್ದನ್ನೇ ಹಾಕಿ ಪರೀಕ್ಷೆ ಮಾಡಿದೆ. ಈ ಪ್ಲಾಟ್‌ಫಾರಂನಲ್ಲಿ ನಿಂತು ಆ ಪ್ಲಾಟ್‌ಫಾರಂನಲ್ಲಿ ಟೀ ಕುಡಿಯುತ್ತಿದ್ದ ಒಬ್ಬನನ್ನು ತೆಗೆದೆ. ಅವನು ನೋಡಿಬಿಟ್ಟು, "ಏನಕ್ಕ, ಪೇಪರ್‌ಗೆ ಆಕ್ತೀಯಾ? ತಡಿ, ತಲೆ ಬಾಚ್ಕೊತೀನಿ" ಎಂದು ಕೂಗಿದ. ಮನೆಗೆ ಬಂದು ತೊಳೆದು ನೋಡಿದರೆ ಅವನ ಜೊತೆಗೆ ಪಕ್ಕದಲ್ಲಿ ಗಂಟು ಹಿಡಿದ ಹೆಂಡತಿ, ಬನ್ನು ತಿನ್ನುವ ಮಗು, ಎಲ್ಲ ಬಂದಿದ್ದವು. ನನಗೆ ಒಬ್ಬರ ಮುಖ ಸಾಕು. ಅಕ್ಕಪಕ್ಕದವರ ಸಂಸಾರ ಕಟ್ಟಿಕೊಂಡು ನನಗೇನು?

ಹತ್ತಿರ ಹೋಗಿ ತೆಗಿ ಎಂದು ನೀವು ಅನ್ನಬಹುದು. ನನ್ನನ್ನು ಕಂಡರೆ ಎದ್ದು ಹೋಗಿಬಿಡುತ್ತಾರೆ. ಹೋದರೆ ಇನ್ನು ಎಲ್ಲಿ ಹುಡುಕಲಿ? ಪಕ್ಕದ ಮೆಟ್ಟಿಲ ಸಾಲಿನಲ್ಲಿ ಛತ್ರಿಯ ಮರೆಯಲ್ಲಿ ಕೂರುತ್ತೇನೆ. ಅಲುಗಾಡದ ಹಾಗೆ ಒಂದು ಉಪಾಯ ಮಾಡಿದ್ದೇನೆ. ಹಳೇ ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದು ರಾಗಿ ತುಂಬಿದ್ದೇನೆ. ಕಲ್ಲಿನ ಮೇಲೆ ಅದನ್ನಿಟ್ಟು ಲೆನ್ಸನ್ನು ಊರಿದರೆ ತೊಟ್ಟಿಲಲ್ಲಿ ಮಲಗಿಸಿದಂತೆ ಕೂರುತ್ತದೆ. ಕಡಿಮೆ ಬೆಳಕಿಗೂ ಆಗುವ ನಾನೂರರ ಫಿಲಂ ಹಾಕುತ್ತೇನೆ, ಬಿಸಿಲು ಏರುವವರೆಗೂ ಕಾಯುತ್ತೇನೆ. ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಕ್ಯಾಮೆರಾ ಕಾಣದಂತೆ ಹೊದೆಯಲು ಕಪ್ಪು ಶಾಲು, ಮಂಜು ಒರೆಸಲು ಹಳೇ ಪಂಚೆಯ ತುಂಡು, ರೀಲು ಇಡಲು ಬಿಗಿ ಮುಚ್ಚಳದ ಡಬ್ಬಿ, ಎಲ್ಲ ಚೀಲಕ್ಕೆ ಹಾಕಿದ್ದೇನೆ. ನೀವು ಇನ್ನೊಂದು ಉಪಕಾರ ಮಾಡಬೇಕು. ನನಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಈ ದೊನ್ನೆ ಮಾರುವವರ ಊರು ಯಾವುದು, ಎಷ್ಟು ಕಾಲದಿಂದ ಇಲ್ಲಿದ್ದಾರೆ ಎಂದು ಕೇಳುವುದು ಹೇಗೆ, ಕನ್ನಡದಲ್ಲಿ ಬರೆದು ಕಳಿಸಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತೇನೆ.

ಇಲ್ಲ ಅನ್ನಬೇಡಿ ಅಣ್ಣ. ನನಗೆ ಕೇಳಲು ನಿಮ್ಮನ್ನು ಬಿಟ್ಟರೆ ಬೇರೆ ಜನ ಇಲ್ಲ. ಕೆಂಗಲ್ ಹನುಮಂತರಾಯನಿಗೆ ಹರಕೆ ಕಟ್ಟಿಕೊಂಡಿದ್ದೇನೆ, ನೀವೂ ನಿಮ್ಮ ದೇವರಲ್ಲಿ ಒಂದು ಮಾತು ಕೇಳಿ. ಅತ್ತಿಗೆಗೆ ನಮಸ್ಕಾರ. ನಿಮ್ಮ ರಸೂಲ್‌ಗೂ ಅವನ ತಂಗಿಯರಿಗೂ ಈ ಅತ್ತೆಯ ಆಶೀರ್ವಾದ. ಚೆನ್ನಾಗಿ ಓದಲಿ, ನೂರು ಕಾಲ ಸುಖವಾಗಿ ಬಾಳಲಿ.

ನಿಮ್ಮ ತಂಗಿ,
ಮಾಯಮ್ಮ

ಮ.ಬ.: ಕಾಗದ ಮಡಿಸಿ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ನಿಮಗೆ ಸುಳ್ಳು ಹೇಳಿ ನಿಮ್ಮ ಲೆನ್ಸು ಹಿಡಿದು ಹೋದರೆ ನನಗೆ ಒಳ್ಳೆಯದಾಗುವುದಿಲ್ಲ. ಆ ಪ್ರಿಂಟನ್ನು ನಾನೇ ಬೇಕೆಂದು ಕತ್ತರಿಸಿದ್ದು. ಅತ್ತೆಗೂ ಭಾವನವರಿಗೂ ತೋರಿಸಿದ್ದು ಆ ಅರ್ಧವನ್ನೇ. ಇನ್ನರ್ಧ ಈಗ ಲಕೋಟೆಗೆ ಹಾಕಿದ್ದೇನೆ. ಬುಟ್ಟಿಯ ಹಿಂದೆ ಒಬ್ಬಳು ಎಲೆಗೆ ಕಡ್ಡಿ ಚುಚ್ಚಿ ದೊನ್ನೆ ಕಟ್ಟುತ್ತಿದ್ದಾಳೆ. ಅವರಿಬ್ಬರ ನಡುವೆ ನಾಲ್ಕೈದು ವರ್ಷದ ಒಂದು ಹೆಣ್ಣುಮಗು. ಯಜಮಾನರ ಬಲಗೈ ಆ ಮಗುವಿನ ತಲೆಯ ಮೇಲಿದೆ. ಅವರ ಮುಖಕ್ಕೆ ನೆರಳು ಬಿದ್ದಿದೆ, ಮಗುವಿನ ಮುಖಕ್ಕೆ ಬಿಸಿಲು ಬಿದ್ದಿದೆ. ಅಗಲವಾದ ಕಿವಿ, ನಮ್ಮ ಅತ್ತೆಯದೇ ಕಿವಿ. ಕುಂಕುಮ ಉಳಿಯಬೇಕಾದರೆ ಅವರ ಪಟವನ್ನು ನಾನು ಊರಿಗೆಲ್ಲ ತೋರಿಸಬೇಕು. ಆದರೆ ಇದನ್ನು ತೋರಿಸಿದರೆ, ಮಗು ಹೆರದೆ ಗಂಡನನ್ನು ಓಡಿಸಿದವಳು ಎಂಬ ಮಾತಿಗೆ ನಾನೇ ಸಾಕ್ಷಿ ಹೇಳಿದ ಹಾಗೆ. ಇನ್ನೂರರದರಲ್ಲಿ ಒಬ್ಬರಿಗೆ ಮಾತ್ರ ಜಾಗ ಅಣ್ಣ. ನೂರಮೂವತ್ತೈದರಲ್ಲಿ ಮಗು ಬಂದುಬಿಡುತ್ತದೆ. ಈ ಅರ್ಧವನ್ನು ನೋಡಿ ಹರಿದುಹಾಕಿ, ನನ್ನ ಕೈಯಲ್ಲಿ ಆಗಲಿಲ್ಲ. ಆ ಹಿಂದಿ ಮಾತುಗಳ ಜೊತೆ ಇನ್ನೊಂದನ್ನೂ ಬರೆದು ಕಳಿಸಿ: ನಿನ್ನ ಹೆಸರೇನು ಮಗು ಎಂದು ಕೇಳುವುದು ಹೇಗೆ?