ಚಿಕ್ಕಪ್ಪನ ಕಡೆಯ ವಾದ

ಹುಣಸೂರು, ೧೪-೧೨-೧೯೫೫

ಚಿಕ್ಕಪ್ಪನವರಿಗೆ ಷಡಕ್ಷರಿಯ ಶರಣು.

ಇಲ್ಲಿನ ಮರದ ಡಿಪೋದಲ್ಲಿ ಬೆಳಗಿನ ಮಂಜಿಗೆ ಮರ ಎಳೆಯುವ ಆನೆಗಳೇ ಕಾಣುವುದಿಲ್ಲ; ದಿಮ್ಮಿಗಳು ತಾವಾಗಿ ತೇಲಿಹೋದಂತಿರುತ್ತದೆ. ಲಾ ಓದುವ ನನಗೆ ವಕೀಲ ಚಲುವಯ್ಯನವರು ಕೋರ್ಟಿನ ವಾದ ಕಲಿಸುವುದು ಅಲ್ಲೇ, ಬೆಳಗಿನ ತಿರುಗಾಟದಲ್ಲಿ. ನಿನ್ನೆ, "ನಿಮ್ಮನೆ ಬದುವಿನ ಕೇಸೇ ತಕೊ. ಅಪ್ಪನ ಕಡೆ ಬುಡು, ಚಿಕ್ಕಪ್ಪನ ಕಡೆ ಮಾತಾಡು ಕಣಪ್ಪ" ಎಂದರು. ಮಾತಾಡುತ್ತಿದ್ದಂತೆ ಮಂಜಿನೊಳಗೆ ಚುಂಚನಕಟ್ಟೆಯ ನಮ್ಮ ಗದ್ದೆಯೇ ಕಂಡಿತು. ನಾನು ಚಿಕ್ಕವನಿದ್ದಾಗ ಬದು ಹೊಂಗೆ ಮರದ ಈಚೆಗೆ, ನಮ್ಮ ಕಡೆಗಿತ್ತು; ಈಗ ಮರದ ಆಚೆಗೆ, ನಿಮ್ಮ ಗದ್ದೆಯೊಳಗಿದೆ. ಅದನ್ನು ಸರಿಸಿದ್ದು ಅಪ್ಪನೇ. ವಾದ ಗೆದ್ದೆ, ಊಟ ಸೇರಲಿಲ್ಲ.

ಕೆಮ್ಮು ವಾಸಿಯಾಗಿದೆ. ಟಪಾಲು ಹೊರಡುವ ಹೊತ್ತಾಯಿತು. ವಿಳಾಸ ನಿಮ್ಮದಾದರೂ ಈ ಕಾರ್ಡು ಅಪ್ಪನಿಗೆ. ಅವರಿಗೆ ಓದು ಬರದು. ನೀವಿಬ್ಬರೂ ಕೋರ್ಟಿಗೆ ಹೋಗುವವರೆಗೂ ನನ್ನ ಕಾಗದಗಳನ್ನು ಅವರಿಗೆ ಓದಿ ಹೇಳುತ್ತಿದ್ದವರು ನೀವೇ. ಇದನ್ನೂ ನೀವೇ ಹೋಗಿ ಓದಿ ಹೇಳಿ.